ಓಡಿಸೋರು ಯಾರ್ರೀ?

ನಮ್ಮ ಮನೆತನದ ಬಗ್ಗೆ ಬಳ್ಳಾರಿಯಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಮದ್ರಾಸ್ ಸರ್ಕಾರದ ಕಾಲದಲ್ಲಿ ನಮ್ಮ ಅಜ್ಜ ಇಲ್ಲಿ ಸಬ್ ರಿಜಿಸ್ಟ್ರಾರ್ ಆಗಿದ್ದರು. ಅವರು ಕಚೇರಿಗೆ ಹೊರಟರೆ ಕೋಟೆಯ ಕೆಳಗಿನ ಅಂಗಡಿಯವರು ಎದ್ದು ನಿಲ್ಲುತ್ತಿದ್ದರಂತೆ. ನಮ್ಮ ತಂದೆ ಕಂಟೋನ್ಮೆಂಟಿನಲ್ಲಿ ಮೋಟಾರ್ ಸೈಕಲ್ ಇಟ್ಟ ಮೊದಲಿಗರಲ್ಲಿ ಒಬ್ಬರು. ಇಸ್ತ್ರಿ ಮಾಡಿದ ಪ್ಯಾಂಟಿಲ್ಲದೆ ಅವರು ಅದರ ಮೇಲೆ ಕುಳಿತವರಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಮಾತನಾಡುವಾಗ ಎದುರಿಗಿರುವವರ ಮುಖ ನೋಡಿ ಮಾತನಾಡಬೇಕು ಎಂಬುದು ಸಿಸ್ಟರ್‌ಗಳು ನಮಗೆ ಕಲಿಸಿದ ಮೊದಲ ಪಾಠ.

ಇಂಥ ಮನೆಯ, ಇಂಥ ಶಾಲೆಯ ಹೆಂಗಸು ಈ ವಯಸ್ಸಿನಲ್ಲಿ ಒಂದು ಸಣ್ಣ ಮೋಟಾರ್ ಸೈಕಲ್ ಕೊಳ್ಳಲು ಹೊರಟರೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಹೇಳಲೇಬೇಕಾಗಿದೆ. ಒಂದು ಸಲ ನಡೆದಿದ್ದರೆ ಮರೆಯಬಹುದಿತ್ತು. ಹೋದಲ್ಲೆಲ್ಲ ಅದೇ ನಡೆದರೆ ಮರೆಯುವುದು ಹೇಗೆ?

ಗೊಬ್ಬರದ ಚೀಲ

ನಾನು ಕುರುಗೋಡಿನ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರ ಮೇಟ್ರನ್. ಮನೆ ಬಳ್ಳಾರಿಯಲ್ಲಿ. ಬಸ್ಸು ಕುರುಗೋಡಿನ ನಿಲ್ದಾಣದಲ್ಲಿ ಇಳಿಸಿ ಹೋಗುತ್ತದೆ. ಹಾಸ್ಟೆಲ್ ಇರುವುದು ಊರಾಚೆ, ಹೊಲದ ದಾರಿಯ ಕೊನೆಗೆ.

ಒಂದು ಸಂಜೆ ಹುಡುಗಿಯೊಬ್ಬಳಿಗೆ ಜ್ವರ ಏರಿದೆ ಎಂದು ಫೋನ್ ಬಂತು. ಬಸ್ಸಿನಿಂದ ಇಳಿದರೆ ಆಟೋ ಇಲ್ಲ. ಗೊಬ್ಬರದ ಅಂಗಡಿಯವರು ತಮ್ಮ ಗಾಡಿಯಲ್ಲಿ ಬಿಡುತ್ತೇನೆಂದರು. ಮುಂದೆ ಅವರು, ನಡುವೆ ಯೂರಿಯಾ ಚೀಲ, ಕೊನೆಯಲ್ಲಿ ಕ್ಯಾರಿಯರ್ ಕಂಬಿಯ ಮೇಲೆ ನಾನು. ಹಾಸ್ಟೆಲ್ ಮುಂದೆ ಗಾಡಿ ನಿಂತಾಗ ಅಡುಗೆಯವಳು ಓಡಿ ಬಂದು ಮೊದಲು ಚೀಲಕ್ಕೆ ಕೈ ಹಾಕಿದಳು.

"ಹಿತ್ತಲದ ಗಿಡಕ್ಕ ತರಿಸೀರೇನ್ರಿ ಮೇಡಂ? ಇಳಸ್ತೀನಿ, ನೀವು ಹಂಗ ಕುಂದರ್ರಿ."

ಆ ಹುಡುಗಿಯ ಜ್ವರ ಒಂದು ಮಾತ್ರೆಗೆ ಇಳಿಯಿತು. ನನ್ನದು ಇಳಿಯಲಿಲ್ಲ. ಇನ್ನು ಮುಂದೆ ಯಾರ ಚೀಲದ ಹಿಂದೆಯೂ ಕೂರುವುದಿಲ್ಲ, ನನ್ನ ಗಾಡಿ ನಾನೇ ಓಡಿಸುತ್ತೇನೆ ಎಂದು ಅಂದೇ ತೀರ್ಮಾನಿಸಿದೆ.

ನಮ್ಮ ಮನೆಯವರು ನಿವೃತ್ತ ಕಾಲೇಜು ಅಧ್ಯಾಪಕರು. ಪಂಚೆ ಉಟ್ಟು ಪೇಪರ್ ಓದುತ್ತಿದ್ದವರು ತಲೆ ಎತ್ತದೆ ಹೇಳಿದರು, "ನಂದೇನೂ ಅಭ್ಯಂತರ ಇಲ್ಲ. ನನಗ ಮಾತ್ರ ಓಡಸು ಅನಬ್ಯಾಡ."

ಷೋರೂಮಿನಲ್ಲಿ

ಬಳ್ಳಾರಿಯ ಒಂದು ಷೋರೂಮಿಗೆ ಇಬ್ಬರೂ ಹೋದೆವು. ಮನೆಯವರನ್ನು ಕರೆದುಕೊಂಡು ಹೋದದ್ದು ನನ್ನ ತಪ್ಪಲ್ಲ. ಅಲ್ಲಿ ಎ.ಸಿ. ಇದೆ ಎಂದು ಅವರೇ ಬಂದರು.

ಸೇಲ್ಸ್‌ಮನ್ ನಗುತ್ತಾ ಬಂದ. "ಬರ್ರಿ ಸರ್, ಬರ್ರಿ. ಗಾಡಿ ಯಾರಿಗ್ರಿ?"

"ನನಗೆ," ಎಂದೆ.

"ಅದು ಸರಿ ಮೇಡಂ. ಓಡಿಸೋರು ಯಾರ್ರೀ?"

"ನಾನೇ."

"ಹಂಗಾದ್ರ ಲೇಡೀಸ್ ಗಾಡಿ ಆ ಕಡಿ ಅದಾವ್ರಿ," ಎಂದು ಗುಲಾಬಿ ಬಣ್ಣದ ಸ್ಕೂಟಿಯೊಂದನ್ನು ತೋರಿಸಿದ.

ಸ್ಕೂಟಿ ಯಾಕಲ್ಲ ಎಂದು ಎಲ್ಲರೂ ಕೇಳುತ್ತಾರೆ. ಭತ್ತದ ಲಾರಿಗಳು ಓಡಾಡುವ ನಮ್ಮ ರಸ್ತೆಗಳನ್ನು ನೋಡಿದವರು ಕೇಳುವುದಿಲ್ಲ. ಸ್ಕೂಟಿಯ ಚಕ್ರ ಸಣ್ಣದು, ನಮ್ಮ ಗುಂಡಿಗಳು ದೊಡ್ಡವು. ನನಗೆ ಬೇಕಾದದ್ದು ದೊಡ್ಡ ಚಕ್ರದ, ಸಣ್ಣ ಎಂಜಿನ್ನಿನ, ಗೇರ್ ಇರುವ ಗಾಡಿ. ಸೀಟು ತಗ್ಗಾಗಿರಬೇಕು, ಕುಳಿತರೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಬಿದ್ದರೆ ನಾನೊಬ್ಬಳೇ ಎತ್ತಿ ನಿಲ್ಲಿಸುವಷ್ಟು ಹಗುರ ಇರಬೇಕು. ಇದನ್ನೆಲ್ಲ ಸ್ಪಷ್ಟವಾಗಿ ಹೇಳಿದೆ.

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ನಮ್ಮ ಮನೆಯವರ ಕಡೆ ತಿರುಗಿ, "ಸರ್, ಇದು ಭಾಳ ಹಗುರ ಐತ್ರಿ," ಎಂದ.

ಮೈಲೇಜ್ ಎಷ್ಟು ಎಂದು ನಾನು ಕೇಳಿದೆ. ಉತ್ತರ ಅವರಿಗೆ ಹೋಯಿತು. ಮುಂದಿನ ಬ್ರೇಕು ಎಂಥದ್ದು ಎಂದು ನಾನು ಕೇಳಿದೆ. ಅವನು ಅವರ ಕೈ ಹಿಡಿದು ಬ್ರೇಕಿನ ಮೇಲಿಟ್ಟು, "ಒತ್ತಿ ನೋಡ್ರಿ ಸರ್," ಎಂದ. ಮನೆಯವರು ಸುಟ್ಟುಕೊಂಡವರಂತೆ ಕೈ ಹಿಂದಕ್ಕೆಳೆದುಕೊಂಡರು.

"ತಮ್ಮಾ, ನನಗ್ಯಾಕ ಹೇಳ್ತೀಯಪ್ಪಾ? ನನಗ ಸೈಕಲ್ಲೂ ಬರಂಗಿಲ್ಲ."

"ಇರ್ಲಿ ಬಿಡ್ರಿ ಸರ್," ಎಂದ ಅವನು ಸಮಾಧಾನದಿಂದ. "ಗಾಡಿ ತೊಗೊಂಡ್ರ ತಾನ ಬರ್ತೈತಿ."

ದೇವರು ದೂರ

ಕಲಿಯುವವರು ಗಾಡಿ ಬೀಳಿಸಿಯೇ ಬೀಳಿಸುತ್ತಾರೆ, ಮೊದಲು ಹಳೆಯದೊಂದು ನೋಡಿ ಎಂದು ನಮ್ಮ ಹಾಸ್ಟೆಲ್ ಪಕ್ಕದ ಶಾಲೆಯ ಪಿ.ಟಿ. ಸರ್ ಸಲಹೆ ಕೊಟ್ಟರು. ಸಿರುಗುಪ್ಪದ ಆಚೆ, ದೇಶನೂರಿನಲ್ಲಿ ಒಬ್ಬ ರೈತರ ಗಾಡಿ ಮಾರಾಟಕ್ಕಿದೆ ಎಂದು ನನ್ನನ್ನು ಕರೆದುಕೊಂಡು ಹೋದವರೂ ಅವರೇ.

"ಒಬ್ರ ಕೈಯಾಗಿನ ಗಾಡಿರಿ ಅಮ್ಮಾರ," ಎಂದರು ರೈತರು, ಪಿ.ಟಿ. ಸರ್ ಮುಖ ನೋಡುತ್ತಾ. "ಹೊಲಕ್ಕ ಒಯ್ದಿಲ್ಲ, ಗದ್ದಿಗೆ ಒಯ್ದಿಲ್ಲ. ಸೋಮವಾರಕ್ಕೊಮ್ಮೆ ಗುಡಿಗೆ ಹೋಗಾಕ, ಅಷ್ಟ."

ನಾನು ಸುತ್ತು ಹಾಕಿ ನೋಡಿದೆ. ನನಗೆ ಹುಡುಗಿಯರ ಉಗುರು ನೋಡಿಯೇ ಅವರು ಎಲ್ಲಿಗೆ ಹೋಗಿ ಬಂದರೆಂದು ಗೊತ್ತಾಗುತ್ತದೆ. ಈ ಗಾಡಿಯ ಟೈರುಗಳು ಅಂಗೈಯಂತೆ ನುಣುಪಾಗಿದ್ದವು. "ಗುಡಿಗೆ ಮಾತ್ರ ಹೋದ ಗಾಡಿಯ ಟೈರು ಹೀಗೇಕೆ ಸವೆದಿದೆ?"

"ದೇವ್ರು ದೂರ ಅದಾನ್ರಿ."

ಬಗ್ಗಿ ಹಿಂದಿನ ಮಡ್‌ಗಾರ್ಡಿನೊಳಗೆ ನೋಡಿದೆ. ಒಳಗೆ ಮೆತ್ತಿದ್ದ ಕೆಸರಿನಲ್ಲಿ ಭತ್ತದ ಸಸಿ ಹಸಿರಾಗಿ ಮೊಳೆತು ನಿಂತಿತ್ತು. ಗದ್ದೆಗೇ ಹೋಗದ ಗಾಡಿಯಲ್ಲಿ! ಬೆರಳಿನಿಂದ ತೋರಿಸಿ, "ಇದೇನು?" ಎಂದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಗುಡ್ಯಾಗ ಪೂಜಾರ್ರು ಅಕ್ಷತಿ ಹಾಕಿರ್ತಾರಲ್ಲರೀ, ಅದ ಬಿದ್ದೈತಿ."

"ಅಕ್ಷತೆ ಅಂದರೆ ಅಕ್ಕಿ. ಅಕ್ಕಿ ಮೊಳೆಯುವುದಿಲ್ಲ."

ರೈತರು ಎರಡೂ ಕೈ ಮುಗಿದರು. "ಸತ್ಯುಳ್ಳ ದೇವ್ರ ಇದ್ರ ಮೊಳಿತೈತ್ರಿ ಅಮ್ಮಾ."

ಮೈದಾನದಲ್ಲಿ

ಹಳೆಯ ಗಾಡಿಯ ಯೋಚನೆ ಬಿಟ್ಟೆ. ಷೋರೂಮಿನಲ್ಲಿ ನೋಡಿದ ಸಣ್ಣ ಕಪ್ಪು ಗಾಡಿಯನ್ನೇ ಬುಕ್ ಮಾಡಿ, ಅದು ಬರುವವರೆಗೆ ಪಿ.ಟಿ. ಸರ್ ಗಾಡಿಯಲ್ಲಿ ಕಲಿಯತೊಡಗಿದೆ. ಕಲಿಯುವವರ ಲೈಸೆನ್ಸ್ ಕೈಗೆ ಬಂದ ಮೇಲೆಯೇ ಸೀಟಿನ ಮೇಲೆ ಕುಳಿತೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದೆ. ಕುರುಗೋಡಿನ ಗುಡ್ಡದ ಕೆಳಗಿನ ಮೈದಾನದಲ್ಲಿ ಎಮ್ಮೆಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಆದರೂ ತಿರುಗುವ ಮೊದಲು ಕೈ ಚಾಚಿ ಸಿಗ್ನಲ್ ಕೊಡುತ್ತಿದ್ದೆ. ನಿಯಮ ಎಂದರೆ ನಿಯಮ.

"ಕ್ಲಚ್ ಮೆತ್ತಗ ಬಿಡ್ರಿ ಮೇಡಂ, ಮೆತ್ತಗ!" ಎಂದು ಪಿ.ಟಿ. ಸರ್ ಹಿಂದೆ ಓಡಿ ಬರುತ್ತಿದ್ದರು. ಗಾಡಿ ಕುಪ್ಪಳಿಸಿ ನಿಲ್ಲುತ್ತಿತ್ತು. ಮತ್ತೆ ಸ್ಟಾರ್ಟ್ ಮಾಡುತ್ತಿದ್ದೆ.

ಎಮ್ಮೆ ಕಾಯುತ್ತಿದ್ದ ಅಜ್ಜಿಯೊಬ್ಬಳು ಕೋಲೂರಿಕೊಂಡು ಹತ್ತಿರ ಬಂದಳು. ಗಾಡಿಯನ್ನು, ನನ್ನನ್ನು, ನನ್ನ ಕೊರಳಿನ ತಾಳಿಯನ್ನು ಕ್ರಮವಾಗಿ ನೋಡಿದಳು.

"ಯವ್ವಾ, ಗಂಡ ಅದಾನಿಲ್ಲ?"

"ಇದ್ದಾರೆ."

"ಮತ್ತ ಗಾಡಿ ನೀ ಓಡಿಸಿದ್ರ ಅಂವ ಎಲ್ಲಿ ಕುಂದರ್ತಾನ?"

"ಹಿಂದೆ," ಎಂದೆ ಗಟ್ಟಿಯಾಗಿ.

ಅಜ್ಜಿ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಆಮೇಲೆ ನನ್ನ ಭುಜ ತಟ್ಟಿ, "ಗಟ್ಟ್ಯಾಗಿ ಹಿಡ್ಕೊಂಡು ಕುಂದ್ರಾಕ ಹೇಳವ್ವಾ. ಗಂಡಸ್ರಿಗೆ ರೂಢಿ ಇರಂಗಿಲ್ಲ," ಎಂದಳು.

ಇಡೀ ಪ್ರಸಂಗದಲ್ಲಿ ನನ್ನ ಮುಖ ನೋಡಿ ಮಾತನಾಡಿದವಳು ಆಕೆಯೊಬ್ಬಳೇ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಹಾರ

ಗಾಡಿ ಕೊಡುವ ದಿನ ಮನೆಯವರು ಬರಲೊಲ್ಲೆ ಎಂದರು. ದಿನಾಲೂ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಡುವ ಆಟೋದವರ ಜೊತೆ ಹೋದೆ. ಷೋರೂಮಿನಲ್ಲಿ ಗಾಡಿ ಸಿದ್ಧವಾಗಿತ್ತು. ಸೇಲ್ಸ್‌ಮನ್ ಅದರ ಹಿಂದಿನ ಚಕ್ರಕ್ಕೆ ಹಾಕಿದ್ದ ಕಂಬಿಯ ಜಾಲರಿ ತೋರಿಸಿದ. "ಇದು ಸೀರಿ ಗಾರ್ಡ್ ರೀ. ಹಿಂದ ಕುಂದ್ರೋ ಲೇಡೀಸ್ ಸೀರಿ ಸಿಗಬಾರ್ದಂತ."

"ಲೇಡೀಸ್ ಮುಂದೆ ಕೂರುತ್ತಾರೆ," ಎಂದೆ. "ಆದರೆ ಇರಲಿ. ನಮ್ಮ ಮನೆಯವರ ಪಂಚೆಗೆ ಬೇಕಾಗುತ್ತದೆ."

ಅವನು ಇದನ್ನು ತಮಾಷೆ ಎಂದುಕೊಂಡು ನಕ್ಕ.

ನಾನು ಒಳಗೆ ಸಹಿ ಹಾಕಿ ಹೊರಬರುವಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ನೋಡುತ್ತೇನೆ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದಾರೆ, ತೆಂಗಿನಕಾಯಿ ಒಡೆದಿದ್ದಾರೆ. ನನ್ನ ಗಾಡಿಯ ಮೇಲೆ ನಮ್ಮ ಆಟೋದವರು ಕೂತಿದ್ದಾರೆ. ಖಾಕಿ ಅಂಗಿಯ ಮೇಲೆ ಚೆಂಡುಹೂವಿನ ಹಾರ. ಕೈಯಲ್ಲಿ ಆಳೆತ್ತರದ ರಟ್ಟಿನ ಕೀಲಿಕೈ.

"ಇದೇನಿದು!" ಎಂದು ಕೂಗಿದೆ.

"ನಾ ಬ್ಯಾಡಂದೆರಿ ಮೇಡಂ," ಎಂದರು ಆಟೋದವರು, ಇಳಿಯದೆ. "ಕುಂದರ್ರಿ ಅಂದ್ರು. ಮಾಲಿ ಹಾಕಿದ್ರು. ಚಪ್ಪಾಳಿ ತಟ್ಟಿದ್ರು. ಇಷ್ಟು ಮರ್ಯಾದಿ ಮಾಡೋರಿಗೆ ಇಲ್ಲ ಅನ್ನೋದು ಹೆಂಗ್ರಿ?"

ಅಷ್ಟರಲ್ಲಿ ಸೇಲ್ಸ್‌ಮನ್ ನನ್ನ ಕೈಗೆ ಆರತಿ ತಟ್ಟೆ ಕೊಟ್ಟು, "ಮೇಡಂ, ಯಜಮಾನ್ರ ಪಕ್ಕ ನಿಂದರ್ರಿ," ಎಂದ. ಮೊದಲ ಸಲ ಎ.ಸಿ.ಯ ಕೆಳಗೆ ನಿಂತಿದ್ದ ಪಂಚೆಯವರೂ ಈ ಖಾಕಿಯವರೂ ಒಬ್ಬರಲ್ಲ ಎಂಬುದನ್ನೂ ಅವನು ನೋಡಿರಲಿಲ್ಲ! ನಾನು ಬಾಯಿ ತೆರೆಯುವ ಮೊದಲೇ ಫೋಟೋ ಆಗಿಹೋಯಿತು.

ಸಂಜೆಯ ಹೊತ್ತಿಗೆ ಷೋರೂಮಿನವರು ಹಂಚಿದ ಆ ಫೋಟೋ ಬಳ್ಳಾರಿಯ ಎಲ್ಲ ಮೊಬೈಲುಗಳಲ್ಲಿತ್ತು. ಕೆಳಗೆ, "ಹೊಸ ಗಾಡಿಯ ದಂಪತಿಗಳಿಗೆ ಶುಭಾಶಯಗಳು." ನಮ್ಮ ಮನೆಯವರು ಕನ್ನಡಕ ಏರಿಸಿ ನೋಡಿ, "ಯಜಮಾನ್ರು ಹಾರದಾಗ ಭಾಳ ಒಪ್ತಾರ," ಎಂದರು. ಆಟೋದವರ ಹೆಂಡತಿಗೆ ನಗು ಬರಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಗೇಟಿಗೆ ಬಂದು, "ಗಾಡಿ ನಮ್ಮ ಮನಿಗೆ ಯಾವಾಗ ಕಳಸ್ತೀರಿ?" ಎಂದು ಕೇಳಿದಳು.

ಷೋರೂಮಿಗೆ ಫೋನ್ ಮಾಡಿದೆ. ಫೋಟೋ ತೆಗೆದುಹಾಕುತ್ತೇವೆ ಎಂದರು. ತೆಗೆದುಹಾಕಲಿಲ್ಲ. ಬದಲಿಗೆ ಅದನ್ನು ದೊಡ್ಡದು ಮಾಡಿಸಿ ಷೋರೂಮಿನ ಗೋಡೆಗೆ ಹಾಕಿದರು.

ಪೂರ್ತಿ ಲೈಸೆನ್ಸ್ ಕೈಗೆ ಬಂದ ಮೇಲೆ, ಅದಕ್ಕೆ ಮೊದಲು ಅಲ್ಲ, ನಮ್ಮ ಮನೆಯವರನ್ನು ಹಿಂದೆ ಕೂರಿಸಿಕೊಂಡು ನಾನೇ ಅಲ್ಲಿಗೆ ಹೋದೆ. ಗಾಜಿನ ಬಾಗಿಲಿನ ಎದುರಿಗೆ, ಎಲ್ಲರೂ ನೋಡುವಂತೆ, ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಮನೆಯವರು ಎರಡೂ ಕೈಯಲ್ಲಿ ನನ್ನ ಭುಜ ಹಿಡಿದುಕೊಂಡೇ ಇಳಿದರು. ಷೋರೂಮಿನ ಮಾಲೀಕರೇ ಹೊರಗೆ ಬಂದರು. ಗೋಡೆಯ ಮೇಲಿನ ಫೋಟೋ ತೋರಿಸಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಮುಖ ಸಣ್ಣದಾಯಿತು. ಕೈ ಮುಗಿದರು.

ನಮ್ಮ ಮನೆಯವರಿಗೆ.

"ಭಾಳ ತಪ್ಪಾತ್ರಿ ಸರ್. ಕ್ಷಮಾ ಮಾಡ್ರಿ."

ಮನೆಯವರು ಪಂಚೆ ಸರಿಮಾಡಿಕೊಳ್ಳುತ್ತಾ, "ನನಗಲ್ರೀ," ಎಂದರು. "ನಾನು ಹಿಂದ ಕುಂತು ಬಂದಂವ."

ಫೋಟೋ ಇನ್ನೂ ಗೋಡೆಯ ಮೇಲಿದೆ. ಗಾಡಿ ನನ್ನದು. ಓಡಿಸುವವಳು ನಾನು. ಷೋರೂಮಿನವರು ಕ್ಷಮೆ ಕೇಳಬೇಕು. ನನ್ನನ್ನೇ ಕೇಳಬೇಕು, ನನ್ನ ಮುಖ ನೋಡಿ ಕೇಳಬೇಕು.