ಗೇಟಿನವನ ನಾಲ್ಕು ತಾಸಿನ ಪಾಳಿ

ಬೆನ್ನು ಮುರಿದುಕೊಂಡು ಮಲಗಿದವನ ಮನೆಯಲ್ಲಿ ನಗುವಂಥದ್ದು ಏನು ನಡೆದೀತು ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಾನು ಮಲಗಿದ್ದ ನಾಲ್ಕು ತಿಂಗಳಲ್ಲಿ ವಾರಕ್ಕೊಂದಾದರೂ ಇಂಥದ್ದು ನಡೆಯದೆ ಬಿಡಲಿಲ್ಲ. ಅಳಲು ಕುಳಿತಾಗಲೆಲ್ಲ ಯಾರಾದರೊಬ್ಬರು ಬಂದು ಅದನ್ನು ಕೆಡಿಸುತ್ತಿದ್ದರು.

ನನ್ನ ಕೆಲಸ ಆಲಮಟ್ಟಿ ನೀರಿನ ಒಂದು ಕಾಲುವೆಯ ಮೇಲೆ ಗೇಟು ಏರಿಸಿ ಇಳಿಸುವುದು. ಮುದ್ದೇಬಿಹಾಳದ ಕಡೆಯ ಐದು ಊರಿನ ಹೊಲಗಳಿಗೆ ಪಾಳಿಯ ಪ್ರಕಾರ ನೀರು ಬಿಡಬೇಕು. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ, ಗೇಟಿನ ಗಾಲಿಗೆ ಗ್ರೀಸ್ ಹಚ್ಚಲು ಹತ್ತಿದವನು ಕಾಲು ಜಾರಿ ಒಣ ಕಾಲುವೆಯೊಳಗೆ ಬಿದ್ದೆ. ಬೆನ್ನುಹುರಿಗೆ ಪೆಟ್ಟು ಬಿತ್ತು. ವಿಜಯಪುರದಲ್ಲಿ ಆಪರೇಷನ್ ಆಯಿತು. ಡಾಕ್ಟರು ಬಿಚ್ಚಿ ಹೇಳಿದರು: "ಕಾಲು ನಿಧಾನಕ್ಕ ಬರ್ತಾವ್ರಿ. ಉಚ್ಚಿ ಮ್ಯಾಲಿನ ಹಿಡಿತ ಬಂದ್ರೂ ಬರಬಹುದು, ಬರದನೂ ಇರಬಹುದು. ಕಾಯಬೇಕು."

ನನಗೆ ಕಾಲಿಗಿಂತ ಇದರ ಚಿಂತೆಯೇ ಹೆಚ್ಚಾಯಿತು. ಕುಂಟನಿಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾರೆ, ಒದ್ದೆ ಧೋತರದವನಿಂದ ಸರಿದು ಕೂಡುತ್ತಾರೆ. ಐದು ಊರಿನ ನೀರು ನನ್ನ ಕೈಯಲ್ಲಿತ್ತು, ಈಗ ನನ್ನ ನೀರೇ ನನ್ನ ಮಾತು ಕೇಳುತ್ತಿರಲಿಲ್ಲ.

೧. ಮಾವನವರ ಟಾಕಿ

ಮೊದಲ ಕೆಲವು ವಾರ ಆಸ್ಪತ್ರೆಯಲ್ಲಿ, ಉಚ್ಚೆ ಹರಿದುಹೋಗಲು ಒಳಗೊಂದು ನಳಿಗೆ, ಅದರ ತುದಿಗೊಂದು ಚೀಲ. ಚೀಲ ಮಂಚದ ಕೆಳಗೆ ತೂಗಾಡುತ್ತಿತ್ತು. ಇಂಡಿಯಿಂದ ನನ್ನ ಮಾವನವರು ಒಂದು ಬುಟ್ಟಿ ಲಿಂಬೆಹಣ್ಣು ಹೊತ್ತುಕೊಂಡು ನೋಡಲು ಬಂದರು. ಅವರದು ಹತ್ತು ಎಕರೆ ಲಿಂಬೆ ತೋಟ, ಎಲ್ಲಾ ಹನಿ ನೀರಾವರಿ. ಪೈಪಿನ ವಿಷಯದಲ್ಲಿ ಅವರ ಎದುರು ಯಾರೂ ಮಾತಾಡುವಂತಿಲ್ಲ.

ನನ್ನ ಹೆಂಡತಿ ಚಹಾ ತರಲು ಹೋಗಿದ್ದಳು. ನಾನು ಗುಳಿಗೆಯ ಅಮಲಿನಲ್ಲಿ ಕಣ್ಣು ಮುಚ್ಚಿದ್ದೆ. ಮಾವನವರು ಬಗ್ಗಿ ನೋಡಿದರು, ನಳಿಗೆಯನ್ನು ಬೆರಳಿನಿಂದ ಟಪ್ ಟಪ್ ಬಡಿದರು.

"ಅಳಿಯಾರ, ಪೈಪಿನ್ಯಾಗ ಹವಾ ಹಿಡದೈತಿ. ಚೀಲಾ ಇಷ್ಟು ತೆಳಗ ಇಟ್ರ ಪ್ರೆಶರ್ ಎಲ್ಲಿಂದ ಬರಬೇಕು?" ಎಂದವರೇ ಚೀಲವನ್ನು ಬಿಚ್ಚಿ, ಸಲೈನ್ ಬಾಟಲಿಯ ಪಕ್ಕದಲ್ಲಿ ಅದೇ ಸ್ಟ್ಯಾಂಡಿಗೆ ನೇತುಹಾಕಿದರು. ಎರಡೂ ಅಕ್ಕಪಕ್ಕ ತೂಗಾಡತೊಡಗಿದವು. ಮಾವನವರು ದೂರ ನಿಂತು, ಕೆಲಸ ಚೊಕ್ಕ ಆಯಿತೆಂಬಂತೆ ನೋಡಿದರು.

ಅಷ್ಟರಲ್ಲಿ ಸಿಸ್ಟರ್ ಬಂದಳು. ಅವಳ ಕೂಗಿಗೆ ವಾರ್ಡಿನ ಪೇಷಂಟುಗಳೆಲ್ಲ ಎದ್ದು ಕುಳಿತರು. "ಅಜ್ಜಾರ, ಏನ್ ಮಾಡೀರಿ ಇದು! ಹೋಗಿದ್ದು ತಿರುಗಿ ಒಳಗ ಹೊಕ್ಕೈತಿ! ಇದು ಯಾವತ್ತೂ ಹೊಟ್ಟಿಗಿಂತ ತೆಳಗ ಇರಬೇಕು!"

ಮಾವನವರು ಚೀಲವನ್ನು ಮತ್ತೆ ಕೆಳಗಿಳಿಸಿದರು. ಆದರೆ ತಪ್ಪು ಒಪ್ಪಿಕೊಳ್ಳುವವರಲ್ಲ. ತಲೆಯಾಡಿಸುತ್ತ ಅಂದರು: "ಹಂಗ ಮೊದಲ ಹೇಳಬೇಕಿಲ್ಲವಾ. ನಾ ಮ್ಯಾಲಿನ ನೀರಿನ ಟಾಕಿ ಅಂತ ತಿಳದಿದ್ನಿ, ಇದು ಕೃಷಿ ಹೊಂಡ."

೨. ಖಾಲಿ ಕಪ್ಪು

ಮನೆಗೆ ಬಂದ ಮೇಲೆ ಚೀಲ ಹೋಯಿತು. ಅದರ ಬದಲು ನಾಲ್ಕು ತಾಸಿಗೊಮ್ಮೆ ತೆಳ್ಳನೆಯ ನಳಿಗೆ ಹಾಕಿ, ಖಾಲಿ ಮಾಡಿ, ಜಾರಿನಲ್ಲಿ ಅಳೆದು ಬರೆದಿಡಬೇಕು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಹೆಸರು ಹಿಡಿದು ಕರೆಯದ ನನ್ನ ಹೆಂಡತಿ ಈ ಕೆಲಸವನ್ನು ಸಿಸ್ಟರಿನ ಹತ್ತಿರ ಎರಡೇ ದಿನದಲ್ಲಿ ಕಲಿತಳು. ಎರಡು ಸಲ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು. ನಳಿಗೆ ಹಿಡಿದ ಮೇಲೆ ಮುಖ ಆ ಕಡೆ ತಿರುಗಿಸುತ್ತಿರಲಿಲ್ಲ. ಅದನ್ನು ನೋಡುತ್ತ ಮಲಗಿದಾಗ, ಇಷ್ಟು ವರ್ಷ ನಾನು ಯಾರ ಜೊತೆ ಸಂಸಾರ ಮಾಡಿದೆ ಎಂಬುದೇ ನನಗೆ ಗೊತ್ತಿರಲಿಲ್ಲ ಅನ್ನಿಸಿತು. ಆಮೇಲೆ ನಾನೂ ಕಲಿತೆ, ಆದರೆ ಗಡಿಯಾರ ಅವಳ ಕೈಯಲ್ಲೇ ಉಳಿಯಿತು.

ಕುಡಿಯುವುದಕ್ಕೂ ಲೆಕ್ಕ, ತಾಸಿಗೆ ಒಂದೇ ಸಣ್ಣ ಲೋಟ. ಆದರೆ ನಮ್ಮ ಕಡೆ ಬಂದವರಿಗೆ ಚಹಾ ಕೊಡದೆ ಕಳಿಸುವಂತಿಲ್ಲ, ಮನೆಯ ಯಜಮಾನ ಜೊತೆಗೆ ಕುಡಿಯದಿದ್ದರೆ ಬಂದವರು ಕಪ್ಪು ಮುಟ್ಟುವಂತಿಲ್ಲ. ದಿನಕ್ಕೆ ಹದಿನೈದು ಜನ ಬರುತ್ತಿದ್ದರು. ಹೆಂಡತಿ ಒಂದು ಉಪಾಯ ಮಾಡಿದಳು. ಎಲ್ಲರಿಗೂ ತುಂಬಿದ ಕಪ್ಪು, ನನಗೆ ಖಾಲಿ ಕಪ್ಪು. ನಾನು ಊದುತ್ತಿದ್ದೆ, ಸೊರ್ ಅಂತ ಸಪ್ಪಳ ಮಾಡಿ ಎಳೆಯುತ್ತಿದ್ದೆ, ಮೀಸೆ ಒರೆಸಿಕೊಳ್ಳುತ್ತಿದ್ದೆ.

ಒಂದು ದಿನ ಬಸವನ ಬಾಗೇವಾಡಿಯಿಂದ ಬಂದ ಬೀಗರೊಬ್ಬರು ನನ್ನನ್ನೇ ದಿಟ್ಟಿಸಿ ನೋಡುತ್ತ ಕುಳಿತರು. ಸಿಕ್ಕಿಬಿದ್ದೆ ಅಂದುಕೊಂಡೆ. ಅವರು ಒಳಗೆ ತಿರುಗಿ ಕೂಗಿದರು: "ತಂಗೀ, ಅವರಿಗೆ ಚಾ ಭಾಳ ಸೇರೈತಿ. ಇನ್ನೊಂದ್ ಕಪ್ ಹಾಕವಾ!"

ನನ್ನ ಹೆಂಡತಿ ಖಾಲಿ ಕಿಟ್ಲಿ ತಂದು, ಗಂಭೀರವಾಗಿ ಬಗ್ಗಿಸಿ, ಕಂಠಮಟ್ಟ ಹಾಕಿ ಹೋದಳು. "ಸಾಕ್, ಸಾಕ್" ಅಂತ ನಾನು ಕೈ ಅಡ್ಡ ಹಿಡಿದೆ.

೩. ಷರಾ

ಕಾಲುವೆಯ ಮೇಲೆ ನೀರಿನ ಮಟ್ಟ ಬರೆದುಕೊಳ್ಳುವ ನನ್ನ ಜೊತೆಗಾರನೊಬ್ಬ ದಿನಾ ಸಂಜೆ ಬರುತ್ತಿದ್ದ. ನನ್ನ ಹೆಂಡತಿ ಅಳತೆಗಳನ್ನು ಕ್ಯಾಲೆಂಡರಿನ ಹಿಂದೆ ಗೀಚಿದ್ದು ನೋಡಿ ಅವನ ಜೀವ ತಡೆಯಲಿಲ್ಲ. ಮರುದಿನವೇ ಒಂದು ಉದ್ದನೆಯ ರಿಜಿಸ್ಟರು ತಂದು ಗೆರೆ ಹೊಡೆದ. ಒಳಹರಿವು, ಹೊರಹರಿವು, ಸೋರಿಕೆ, ಷರಾ. ಮೇಲೆ ದುಂಡಗೆ ಬರೆದ: "ಸ್ಥಳ: ಸದರಿ ಸಿಬ್ಬಂದಿಯ ಹೊಟ್ಟೆ."

ಮೂರನೆಯ ದಿನ ಅವನಿಗೆ ಲೆಕ್ಕ ಕೂಡಲಿಲ್ಲ. "ಒಳಗ ಎರಡ್ ಸಾವಿರ ಎಂ.ಎಲ್. ಹೋಗೈತಿ, ಹೊರಗ ಬರೇ ಸಾವಿರದಾರನೂರು ಬಂದೈತಿ. ನಾಕನೂರು ಎಲ್ಲಿ?"

"ಬೆವರಿನ್ಯಾಗ ಹೋತೋ" ಅಂದೆ.

"ಬೆವರಿಗೆ ಕಾಲಂ ಇಲ್ಲ" ಎಂದ. ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ಇಷ್ಟು ವರ್ಷದ ಅನುಭವದ ಮೇಲೆ ತೀರ್ಪು ಕೊಟ್ಟ: "ನಡುವ ಯಾರೋ ಕದ್ದು ಮೋಟಾರ್ ಇಟ್ಟಾರ."

ತಿಂಗಳ ತಪಾಸಣೆಗೆ ಹೋಗುವಾಗ ಅವನೇ ರಿಜಿಸ್ಟರು ಬಗಲಲ್ಲಿಟ್ಟುಕೊಂಡು ಬಂದ. ಡಾಕ್ಟರು ಮೊದಲ ಪುಟ ನೋಡಿ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಎರಡು, ಮೂರು ಪುಟ ತಿರುವಿದರು. ಆಮೇಲೆ ನಗು ನಿಂತಿತು. ಷರಾದ ಸಾಲಿನ ಮೇಲೆ ಅವರ ಬೆರಳಿತ್ತು: "ನಳಿಗೆ ಹಾಕುವ ಮುಂಚಿತವಾಗಿ ಒಳಗೆ ಭಾರ ಅನ್ನಿಸಿದ ಬಗ್ಗೆ ಸಿಬ್ಬಂದಿ ತಿಳಿಸಿರುತ್ತಾರೆ."

"ಇದು ಯಾವಾಗಿಂದ್ರಿ?"

"ಎಂಟ್ ದಿನ ಆತ್ರಿ. ಸಣ್ಣ ವಿಷಯ ಅಂತ ಹೇಳಲಿಲ್ರಿ" ಅಂದೆ.

"ಸಣ್ಣ ವಿಷಯ ಏನ್ರಿ! ನಾ ಇದನ್ನ ಕಾಯಾಕತ್ತಿದ್ದೆ. ಉಚ್ಚಿ ತುಂಬೈತಿ ಅನ್ನೂ ಸುದ್ದಿ ಪೆಟ್ಟು ಬಿದ್ದ ಜಾಗಾ ದಾಟಿ ನಿಮ್ಮ ತಲಿತನಕ ಹೋಗೈತಿ. ಇನ್ನ ತಲಿಯಿಂದ ಹುಕುಂ ತಿರುಗಿ ತೆಳಗ ಬರಬೇಕು."

ನನಗೆ ಮೈ ಜುಮ್ಮೆಂದಿತು. ಕೂದಲಿನಂಥ ಒಂದು ನರ ಕತ್ತಲಲ್ಲಿ ದಾರಿ ಹುಡುಕುತ್ತ ಮುರಿದ ಎಲುಬಿನ ನಡುವೆ ಹಾದು ಹೋಗಿದೆ, ನಾನು ಅದೇ ವೇಳೆಗೆ ಖಾಲಿ ಕಪ್ಪು ಊದುತ್ತ ಕುಳಿತಿದ್ದೆ. ಹುಟ್ಟಿದಾಗಿನಿಂದ ನನ್ನೊಳಗೆ ಇಷ್ಟು ದೊಡ್ಡ ಕಾರಭಾರ ನಡೆದದ್ದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿ ಬಂದವು.

ಜೊತೆಗಾರ ಮೆಲ್ಲಗೆ ರಿಜಿಸ್ಟರನ್ನು ಡಾಕ್ಟರ ಮುಂದೆ ಸರಿಸಿದ. "ಹಂಗಾದ್ರ ಇಲ್ಲೊಂದು ಸಹಿ ಮಾಡ್ರಿ ಸಾಹೇಬ್ರ. ಮ್ಯಾಲಿನವರ ಸಹಿ ಇಲ್ದ ನೀರು ಬಿಡೂಹಂಗಿಲ್ರಿ."

೪. ಒಂದೇ ಕಾಯಿ

ಅಂದಿನಿಂದ ಹೊಸ ನೇಮ ಶುರುವಾಯಿತು. ಪ್ರತಿ ಸಲ ನಳಿಗೆ ಹಾಕುವ ಮುಂಚೆ ಹತ್ತು ನಿಮಿಷ ಕುಳಿತು ನಾನಾಗಿಯೇ ಪ್ರಯತ್ನ ಮಾಡಬೇಕು. ನೀರಿನ ಸಪ್ಪಳ ಕೇಳಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ನಮ್ಮೂರಲ್ಲಿ ನಲ್ಲಿಗೆ ನೀರು ಬರುವುದು ಮೂರು ದಿನಕ್ಕೊಮ್ಮೆ. ಹಾಗಾಗಿ ಹೆಂಡತಿ ಬಚ್ಚಲದ ಬಾಗಿಲ ಹೊರಗೆ ನಿಂತು ಕೊಡದಿಂದ ಬಕೀಟಿಗೆ, ಬಕೀಟಿನಿಂದ ಕೊಡಕ್ಕೆ ನೀರು ಸುರಿಯುತ್ತಿದ್ದಳು. ಇಪ್ಪತ್ತು ದಿನ ಸುರಿದಳು. ನನಗೆ ಒಂದು ಹನಿ ಬರಲಿಲ್ಲ. ನಮ್ಮಲ್ಲೇ ಉಳಿದಿದ್ದ ಮಾವನವರು ಮಾತ್ರ ಪ್ರತಿ ಸಲ ಎದ್ದು ಹಿತ್ತಲಿಗೆ ಓಡುತ್ತಿದ್ದರು. ಇಪ್ಪತ್ತೊಂದನೆಯ ದಿನ ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಇನ್ನು ಈ ನಳಿಗೆಯೇ ನನ್ನ ಹಣೆಬರಹ ಅಂದುಕೊಂಡೆ.

ಶ್ರಾವಣದಲ್ಲಿ ಕಾಲುವೆಗೆ ನೀರು ಬಿಡುವ ದಿನ ಬಂತು. ನನ್ನ ಗೇಟನ್ನು ಈಗ ಬೇರೆಯವನು ನೋಡುತ್ತಿದ್ದ. ಅಷ್ಟರಲ್ಲಿ ನಾನು ವಾಕರು ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾಗಿದ್ದೆ. ಸುಮ್ಮನೆ ನೋಡಿ ಬರೋಣ ಎಂದು ಜೊತೆಗಾರ ನನ್ನನ್ನೂ ಹೆಂಡತಿಯನ್ನೂ ಟಂಟಂ ಗಾಡಿಯಲ್ಲಿ ಕೂರಿಸಿಕೊಂಡು ಹೋದ. ಅಲ್ಲಿ ನಲವತ್ತು ರೈತರು ಕಾಯುತ್ತಿದ್ದರು. ಮುಂದೆಯೇ ಒಬ್ಬ ಮುದುಕಿ, ಕೈಯಲ್ಲಿ ಅರಿಷಿಣ ಕುಂಕುಮ ಹಚ್ಚಿದ ಒಂದು ತೆಂಗಿನಕಾಯಿ. ಅವಳ ಹೊಲ ಕಾಲುವೆಯ ಕೊಟ್ಟಕೊನೆಗೆ. ಪಾಳಿ ತಪ್ಪಿಸಿ ಒಂದು ತಾಸು ನೀರು ಕೊಡಲಿಲ್ಲ ಎಂದು ಎಂಟು ವರ್ಷ ನನಗೆ ಬೈದವಳು. ಮೊದಲ ನೀರು ಬಂದಾಗ ಪ್ರತಿವರ್ಷ ಕಾಯಿ ಒಡೆಯುವವಳೂ ಅವಳೇ.

ಗೇಟು ಏರಿತು. ನೀರು ಅಬ್ಬರಿಸಿ ಬಂತು. ನೆಲ ನಡುಗಿದ್ದು ವಾಕರಿನ ಕಾಲುಗಳಿಂದ ನನ್ನ ಕೈಗೆ ತಿಳಿಯಿತು. ಆಗಲೇ ಹೊಟ್ಟೆಯ ಕೆಳಗೆ ಅದು, ನಾಲ್ಕು ತಿಂಗಳಿಂದ ಮರೆತೇಹೋಗಿದ್ದ ಆ ಅವಸರ.

"ಲೇ, ನನಗ ಹೋಗಬೇಕಾಗೈತಿ."

ಹೆಂಡತಿ ಗಡಿಯಾರ ನೋಡಿದಳು. "ಇನ್ನೂ ಒಂದೂವರಿ ತಾಸು ಐತ್ರಿ."

"ತಾಸಿನ ಮಾತಲ್ಲ, ಈಗ ಹೋಗಬೇಕು!"

ಬೇವಿನ ಗಿಡದ ಹಿಂದೆ ವಾಕರು ಹಿಡಿದು ನಿಂತೆ. ಅವಳು ಕೈಚೀಲದೊಳಗಿನ ಅಳತೆಯ ಜಾರು ತೆಗೆದು ಹಿಂದೆಯೇ ಓಡಿ ಬಂದಳು. ಮೊದಲು ಏನೂ ಇಲ್ಲ. ಆಮೇಲೆ ಒಂದು ಹನಿ, ಇನ್ನೊಂದು, ಆಮೇಲೆ ಸಣ್ಣ ಧಾರೆ. ನಿಲ್ಲು ಅಂದೆ, ನಿಂತಿತು. ಬಾ ಅಂದೆ, ಬಂತು. ಎರಡು ವರ್ಷದ ಕೂಸಿಗೂ ಬರುವ ಈ ವಿದ್ಯೆಯನ್ನು ನಾನು ಜಗತ್ತಿನಲ್ಲಿ ಮೊದಲ ಸಲ ಕಂಡವನಂತೆ ಬಾಯಿ ತೆರೆದು ನೋಡುತ್ತ ನಿಂತೆ, ಕಣ್ಣೀರು ಗದ್ದದಿಂದ ಇಳಿಯುತ್ತಿತ್ತು. ನಳಿಗೆ ಪೂರ್ತಿ ಬಿಡಲು ಮುಂದೆ ಮತ್ತೆ ಎರಡು ತಿಂಗಳು ಹಿಡಿಯಿತು, ಆದರೆ ಅದು ಬಿಡುತ್ತದೆ ಎಂದು ನನಗೆ ಖಾತ್ರಿಯಾದದ್ದು ಆ ಗಿಡದ ಹಿಂದೆ.

ಪರಗಂಡಸರ ಮುಂದೆ ಸೆರಗು ಜಾರಗೊಡದ ನನ್ನ ಹೆಂಡತಿ ಜಾರು ಮೇಲೆತ್ತಿ ಹಿಡಿದು ನಲವತ್ತು ಜನರ ಮುಂದೆ ಓಡಿದಳು. "ನೂರಾ ಎಂಬತ್ತು! ಇವರು ತಾವಾಗೇ ಮಾಡ್ಯಾರ! ನೂರಾ ಎಂಬತ್ತು!"

ಊರಿಗೆಲ್ಲ ನನ್ನ ಸಂಕಟ ಗೊತ್ತಿತ್ತು. ಯಾರೂ ನಗಲಿಲ್ಲ. ಇಬ್ಬರು ತಲೆಯ ಟವೆಲ್ಲು ತೆಗೆದು ಕೈ ಮುಗಿದರು. ಮುದುಕಿ ಕಾಲುವೆಯ ದಂಡೆ ಬಿಟ್ಟು ನೇರ ನನ್ನ ಹತ್ತಿರ ಬಂದಳು. ಧೋತರ ಕಟ್ಟಿಕೊಳ್ಳಲೂ ಬಿಡದೆ ನನ್ನ ಕಾಲ ಬಳಿಯ ಕಲ್ಲಿಗೆ ಫಟ್ ಅಂತ ಕಾಯಿ ಒಡೆದು, ನೀರನ್ನು ನನ್ನ ಪಾದದ ಮೇಲೆ ಸುರಿದಳು.

"ಆಯಿ, ಅದು ಕಾಲುವಿಗೆ ತಂದ ಕಾಯಿ! ಇನ್ನೊಂದು ಇಲ್ಲ!" ಅಂದೆ.

"ಇರ್ಲಿ ಬಿಡೋ ತಮ್ಮಾ" ಎಂದಳು ಮುದುಕಿ. "ಕಾಲುವಿಗೆ ವರ್ಷಾ ನೀರು ಬರ್ತೈತಿ."