ಕ್ಲೆಮೆಂಟನ ಹೊಸ ದುರ್ಬೀನು

ಜವುಗಿನ ಕೆಸರು, ಒದ್ದೆ ಜೊಂಡು, ಅಪ್ಪನ ಮೇಣ ಹಚ್ಚಿದ ಕೋಟು. ಈ ಮೂರೂ ಕಲೆತ ವಾಸನೆ ಮೂಗಿಗೆ ಬಡಿದರೆ ಸಾಕು, ಕ್ಲೆಮೆಂಟ್ ಥರ್ಲೋ ಮತ್ತೆ ಏಳು ವರ್ಷದವನಾಗಿಬಿಡುತ್ತಿದ್ದ. ಅಪ್ಪ ಜೊಂಡು ಕೊಯ್ಯುವವರು. ಒಂದು ಬೆಳಿಗ್ಗೆ ಕುಡುಗೋಲು ನಿಲ್ಲಿಸಿ, "ನೋಡೋ, ನೀಲಿಗಂಟಲ ಹಕ್ಕಿ!" ಎಂದಿದ್ದರು. ಕ್ಲೆಮೆಂಟ್ ಆಗ ಬಗ್ಗಿ ಬೂಟಿನೊಳಗಿನ ಕೆಸರು ಕೊಡವುತ್ತಿದ್ದ. ತಲೆ ಎತ್ತುವಷ್ಟರಲ್ಲಿ ಹಕ್ಕಿ ಇರಲಿಲ್ಲ.

ಅಂದಿನಿಂದ ಅರವತ್ತೊಂದು ವರ್ಷ ಕಳೆದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ನಾರ್ಫೋಕ್ ಕರಾವಳಿಯಲ್ಲಿ ಟಪಾಲು ಹಂಚಿ ನಿವೃತ್ತನಾದವನಿಗೆ ಈಗ ಎಡಗಣ್ಣು ಮಂಜು. ಬಲಗಣ್ಣಿಗೂ ಡಾಕ್ಟರು ಎರಡೇ ವರ್ಷದ ವಾಯಿದೆ ಕೊಟ್ಟಿದ್ದರು. ಅದಕ್ಕೇ ಈ ಸಲ ಅತ್ಯುತ್ತಮ ದುರ್ಬೀನನ್ನೇ ಕೊಳ್ಳುವುದೆಂದು ನಿಶ್ಚಯಿಸಿದ್ದ. ಪ್ರತಿ ಮೇ ತಿಂಗಳಲ್ಲಿ ಒಂದು ದಿನ ದುರ್ಬೀನಂಗಡಿಯ ಗಿಲ್ಬರ್ಟ್, ಕೊಳ್ಳುವವರು ನೋಡಿ ಆರಿಸಲೆಂದು, ತನ್ನ ದುರ್ಬೀನುಗಳನ್ನೆಲ್ಲ ಜವುಗಿನಂಚಿನ ಮರದ ಗೂಡಿಗೆ ತರುತ್ತಿದ್ದ. ಹಕ್ಕಿಗಳಿಗೆ ಕಾಣದಂತೆ ಕೂತು ನೋಡುವ ಗೂಡು ಅದು. ಗೋಡೆಯುದ್ದಕ್ಕೂ ಸಣ್ಣ ಸೀಳುಕಿಟಕಿ.

ಆರಿಸಬೇಕಾದವನು ಒಬ್ಬ, ಆರಿಸುವವರು ಊರೆಲ್ಲ.

"ಕ್ಲೆಮ್, ನೆಟ್ಟಗಿರೋದು ತಗೋಬೇಡ, ಕತ್ತು ಹೋಗುತ್ತೆ," ಎಂದರು ನಿವೃತ್ತ ಹೆಡ್‌ಮಾಸ್ಟರ್ ಡೆಸ್ಮಂಡ್. "ಕಣ್ಣಿಡೋ ಕಡೆ ಬಾಗಿರೋದೇ ಸರಿ. ತಲೆ ತಗ್ಗಿಸಿದ್ರೆ ಆಯ್ತು."

"ಬಾಗಿರೋದ್ರಲ್ಲಿ ಹಕ್ಕಿ ಹುಡುಕೋ ಹೊತ್ತಿಗೆ ಅದು ಮೊಟ್ಟೆ ಇಟ್ಟು ಮರಿ ಮಾಡಿರುತ್ತೆ!" ಎಂದ ಮೀನಂಗಡಿಯ ರೂಪರ್ಟ್. "ದೊಡ್ಡ ಗಾಜಿಂದು ತಗೊಳ್ಳಪ್ಪಾ."

"ಅದನ್ನ ಹೊತ್ತರೆ ಇವನಿಗೆ ಕಾಣೋದು ಆಸ್ಪತ್ರೆ ಮಾತ್ರ," ಎಂದರು ಡೆಸ್ಮಂಡ್.

ಒಂಬತ್ತು ಗಂಟೆಗೆ ಶುರುವಾದದ್ದು ಮೂರಾದರೂ ಮುಗಿಯಲಿಲ್ಲ. ಕ್ಲೆಮೆಂಟನ ಬೆರಳು ದುರ್ಬೀನು ನಿಲ್ಲಿಸುವ ಮುಕ್ಕಾಲಿಯ ಸಂದಿಗೆ ಸಿಕ್ಕಿ ಜಜ್ಜಿಹೋಯಿತು. ಕಣ್ಣು ಈರುಳ್ಳಿ ಹೆಚ್ಚಿದವರ ಕಣ್ಣಿನ ಹಾಗೆ ಸುರಿಯುತ್ತಿತ್ತು. ಮೂಲೆಯಲ್ಲಿದ್ದ ಐವಿ ಎಂಬ ಮುದುಕಿ ಮಾತ್ರ ಸಲಹೆ ಕೊಡಲಿಲ್ಲ. ತುಸು ಸರಿದು, ಅವನಿಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು.

ಒಮ್ಮೆ ಗಾಜಿನಲ್ಲಿ ನೀಲಿ ಮಿಂಚಿತು. "ನೀಲಿಗಂಟಲು!" ಎಂದು ಕ್ಲೆಮೆಂಟ್ ಕಿರುಚಿದ. ಎಲ್ಲರೂ ನುಗ್ಗಿದರು. ರೂಪರ್ಟನ ಚಹಾ ಡೆಸ್ಮಂಡರ ಪ್ಯಾಂಟಿನ ಪಾಲಾಯಿತು. ಜೊಂಡಿನಲ್ಲಿ ಸಿಕ್ಕಿಕೊಂಡಿದ್ದದ್ದು ಬಾಟಲಿಯ ಮುಚ್ಚಳ.

"ಇಲ್ಲಿ ಮೊದಲನೇ ನಿಯಮ ಏನು?" ಡೆಸ್ಮಂಡ್ ಶಾಲೆಯ ದನಿ ತೆಗೆದರು. "ಹಕ್ಕಿ ಹತ್ತಿರ ಇದ್ರೆ ಉಸಿರೂ ಬಿಡಬಾರದು. ನೀನು ಕೂಗಿದ್ದಕ್ಕೆ ಬಾತುಕೋಳಿಗಳೂ ಊರು ಬಿಟ್ಟವು."

ಕ್ಲೆಮೆಂಟನಿಗೆ ಸಾಕಾಗಿತ್ತು. ಡೆಸ್ಮಂಡರ ಮಾತಿನಂತೆ ಬಾಗಿದ, ರೂಪರ್ಟನ ಮಾತಿನಂತೆ ದೊಡ್ಡ ಗಾಜಿನ ಒಂದು ದುರ್ಬೀನನ್ನು ಕಿಟಕಿಯಿಂದಾಚೆ ಚಾಚಿ, ತಲೆ ತಗ್ಗಿಸಿ ಕಣ್ಣಿಟ್ಟ. ಅಬ್ಬಾ! ದೂರದ ಜೊಂಡಿನ ಒಂದೊಂದು ತೆನೆಯೂ ಎಣಿಸುವಂತಿತ್ತು. ಅಂದು ಅಪ್ಪ ನಿಂತಿದ್ದ ಕಾಲುವೆಯ ದಂಡೆಯೂ ಕಂಡಿತು. ಇನ್ನು ಎಲ್ಲಿ ಹೋಗುತ್ತೆ ಹಕ್ಕಿ?

ಬೆನ್ನ ಹಿಂದೆ ಗೂಡು ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ರೂಪರ್ಟ್ ಕೂಡ ಬಾಯಿ ಮುಚ್ಚಿದ್ದ. ಕೊನೆಗೂ ನನ್ನ ಆಯ್ಕೆಗೊಂದು ಮರ್ಯಾದೆ ಸಿಕ್ಕಿತು ಎಂದುಕೊಂಡ ಕ್ಲೆಮೆಂಟ್, ಆ ಮರ್ಯಾದೆಯನ್ನು ಮೂರು ನಿಮಿಷ ನಿಧಾನವಾಗಿ ಸವಿದ.

"ಇದೇ ಇರ್ಲಿ ಗಿಲ್ಬರ್ಟ್," ಎನ್ನುತ್ತಾ ತಲೆ ಎತ್ತಿದ.

ಫುರ್ರ್ ಎಂದಿತು ಏನೋ.

"ಅಯ್ಯೋ ಮಾರಾಯ!" ರೂಪರ್ಟ್ ಕುಣಿದ. "ನೀಲಿಗಂಟಲು! ನಿನ್ನ ದುರ್ಬೀನಿನ ತುದೀಲೇ ಕೂತಿತ್ತಲ್ಲೋ! ಎದೆ ಉಬ್ಬಿಸ್ಕೊಂಡು!"

ಕ್ಲೆಮೆಂಟನ ದನಿ ಸಣ್ಣದಾಯಿತು. "ಒಂದು ಮಾತು ಹೇಳಬಾರದಿತ್ತಾ?"

"ನಿಯಮ," ಎಂದರು ಡೆಸ್ಮಂಡ್, ಮುಖ ತಗ್ಗಿಸಿ. "ನೀನು ನೆಟ್ಟಗಿರೋದು ತಗೊಂಡಿದ್ರೆ ಒಂದ್ಸಲ ಅದರ ಮೇಲಾದ್ರೂ ನೋಡ್ತಿದ್ದೆ."

ಕ್ಲೆಮೆಂಟ್ ಮತ್ತೆ ಕಣ್ಣಿಟ್ಟ. ಜವುಗೆಲ್ಲ ಸ್ಫಟಿಕದಂತೆ ಕಂಡಿತು, ಒಂದು ಹಕ್ಕಿಯ ಹೊರತು.

ಗೂಡಿನ ದಾಖಲೆ ಪುಸ್ತಕಕ್ಕೆ ಎಲ್ಲರೂ ಮುಗಿಬಿದ್ದರು. ಹಕ್ಕಿ: ನೀಲಿಗಂಟಲು. ಕಂಡ ಸ್ಥಳ: ಕ್ಲೆಮೆಂಟ್ ಥರ್ಲೋನ ದುರ್ಬೀನು. ಕೆಳಗೆ ಕಂಡವರ ಸಹಿಗಳು. ಸ್ವಂತ ಕಣ್ಣಿಂದ ಕಾಣದವನು ಸಹಿ ಹಾಕುವಂತಿಲ್ಲ. ಐವಿಯೂ ಹಕ್ಕಿಯನ್ನು ಕಂಡಿದ್ದಳು, ಆದರೆ ಪೆನ್ನು ಕೈಗೆ ಬಂದಾಗ ಮುಚ್ಚಳ ಹಾಕಿ ಕೆಳಗಿಟ್ಟಳು.

ದುರ್ಬೀನಿನ ತುದಿಯಲ್ಲಿ ಹಕ್ಕಿಯ ಹಿಕ್ಕೆಯ ಬಿಳಿಯ ಚುಕ್ಕೆಯೊಂದು ಉಳಿದಿತ್ತು. ಗಿಲ್ಬರ್ಟ್ ಒರೆಸಲು ಬಟ್ಟೆ ತೆಗೆದ.

"ಬಿಡಪ್ಪಾ," ಎಂದಳು ಐವಿ. "ಅವನ ಪಾಲಿಗೆ ಬಂದಿರೋದು ಅದೊಂದೇ."

ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಕ್ಲೆಮೆಂಟ್ ಬೆಳಗಿನಿಂದ ಏನೂ ತಿಂದಿರಲಿಲ್ಲ. ಐವಿ ಚೀಲದಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಮೊಟ್ಟೆಯ ಸ್ಯಾಂಡ್‌ವಿಚ್ಚು ಎರಡಿದ್ದವು. ದೊಡ್ಡದನ್ನು ಅವನ ಕೈಗಿಟ್ಟು, ತಾನು ಕಿಟಕಿಯಾಚೆ ನೋಡುತ್ತಾ ಕೂತಳು.