ಪಾರಿವಾಳದ ಎರಡನೆಯ ತತ್ತಿ

ಯಾರಾದರೂ ನನ್ನನ್ನು ಪಕ್ಷಿತಜ್ಞ ಎಂದು ಪರಿಚಯಿಸಿದಾಗ ನಾನು ಕಿಟಕಿಯ ಕಡೆ ನೋಡುವುದೇ ಇಲ್ಲ. ಹೊರಗೊಂದು ಹಕ್ಕಿ ಕೂತಿದ್ದು, ಅದರ ಹೆಸರೇನೆಂದು ಅವರು ಕೇಳಿಬಿಟ್ಟರೆ ಎಂಬ ಭಯ. ಕಾಗೆ, ಗುಬ್ಬಿಗಳಾದರೆ ಪರವಾಗಿಲ್ಲ. ಅದರಾಚೆಗಿನದು ಬಂದು ಕೂತರೆ ನನ್ನ ಡಾಕ್ಟರೇಟಿಗೇ ಅಪಾಯ. ಹರೆಯದಲ್ಲಿ ಹೀಗಿರಲಿಲ್ಲ. ಧಾರವಾಡದ ಕೆರೆದಂಡೆಗಳಲ್ಲಿ ದುರ್ಬೀನು ಹಿಡಿದು, ಮೊಣಕಾಲಮಟ ಕೆಸರಿನಲ್ಲಿ ನಿಂತು, ರೆಕ್ಕೆ ಬಡಿಯುವ ರೀತಿಯಿಂದಲೇ ಹಕ್ಕಿಯ ಕುಲಗೋತ್ರ ಹೇಳುತ್ತಿದ್ದೆ. ಅದೇ ಹುಚ್ಚಿನಲ್ಲಿ ಅರವತ್ತರ ದಶಕದ ಕೊನೆಗೆ ಮುಂಬಯಿಗೆ ಸಂಶೋಧನೆಗೆಂದು ಬಂದರೆ, ನನ್ನ ಮಾರ್ಗದರ್ಶಕರು ಮೊದಲು ಮಾಡಿದ ಕೆಲಸ ದುರ್ಬೀನನ್ನು ಕಪಾಟಿನೊಳಗೆ ಇಡಿಸಿದ್ದು. ಹಕ್ಕಿಗಳ ನೆಂಟಸ್ತಿಕೆ ಇರುವುದು ರೆಕ್ಕೆಪುಕ್ಕಗಳಲ್ಲಲ್ಲ, ಅಣುಗಳಲ್ಲಿ, ಇನ್ನು ಮೇಲೆ ನೀನು ನೋಡಬೇಕಾದದ್ದು ತತ್ತಿಯ ಬಿಳಿ ಲೋಳೆಯನ್ನು ಎಂದರು.

ಆ ಲೋಳೆಯ ಒಂದು ಹನಿಯನ್ನು ಜೆಲ್ಲಿಯಂಥ ಹಲಗೆಯ ಮೇಲಿಟ್ಟು ವಿದ್ಯುತ್ತು ಹರಿಸಿದರೆ ಅದರೊಳಗಿನ ಪ್ರೋಟೀನುಗಳು ಓಟದ ಪಂದ್ಯಕ್ಕೆ ಬಿಟ್ಟ ಹಾಗೆ ಓಡಿ, ತಂತಮ್ಮ ಶಕ್ತಿಯಿದ್ದಲ್ಲಿ ನಿಂತು, ಪಟ್ಟೆಪಟ್ಟೆಯಾಗಿ ಕಾಣಿಸುತ್ತವೆ. ಪಟ್ಟೆಗಳು ಹೋಲಿದರೆ ಹಕ್ಕಿಗಳು ನೆಂಟರು. ಇಷ್ಟೇ ನನ್ನ ವಿದ್ಯೆ. ಆದರೆ ತತ್ತಿ ಅಂದಂದೇ ಇಟ್ಟದ್ದಾಗಿರಬೇಕು. ಉಪನಗರಗಳಲ್ಲೆಲ್ಲ ಅಲೆದು ತಂದ ತತ್ತಿಗಳಲ್ಲಿ ಅರ್ಧ ಹಳತು, ಇನ್ನರ್ಧ ಲೋಕಲ್ ರೈಲಿನ ನೂಕಾಟದಲ್ಲಿ ನನ್ನ ಅಂಗಿಯ ಜೇಬಿನಲ್ಲೇ ಒಡೆದು ವಿಜ್ಞಾನಕ್ಕೆ ಎರವಾಗುತ್ತಿದ್ದವು.

ನಾವಿದ್ದದ್ದು ಮಲಾಡಿನಲ್ಲಿ, ಜಯಂತಿಭಾಯಿ ಎಂಬ ಗುಜರಾತಿ ಹಿರಿಯರ ಬಿಲ್ಡಿಂಗಿನಲ್ಲಿ. ಅಲ್ಲಿ ಈರುಳ್ಳಿಯೇ ತಲೆಮರೆಸಿಕೊಂಡು ಬರಬೇಕು. ತತ್ತಿಯ ಮಾತಂತೂ ಎತ್ತುವ ಹಾಗಿಲ್ಲ. ಮನೆ ಕೇಳಲು ಹೋದಾಗ ಏನು ಕೆಲಸ ಎಂದು ಕೇಳಿದ್ದರು. ಪಕ್ಷಿಗಳ ಮೇಲೆ ಡಾಕ್ಟರೇಟು ಎಂದೆ. ದಿನಾ ಬೆಳಿಗ್ಗೆ ಮಾಳಿಗೆಯ ಗಚ್ಚಿಯ ಮೇಲೆ ಪಾರಿವಾಳಗಳಿಗೆ ಜೋಳ ಚೆಲ್ಲುವ ಆ ಪುಣ್ಯಾತ್ಮರು ಕೈಮುಗಿದು, ಪಗಡಿ ಎಂಬ ಮುಂಗಡ ಹಣದ ಸೊಲ್ಲೆತ್ತದೆ ಬೀಗದ ಕೈ ಕೊಟ್ಟರು. ನಾನು ಹಕ್ಕಿಗಳಿಗೆ ಮದ್ದು ಕೊಡುವ ಡಾಕ್ಟರೆಂದು ಅವರು ತಿಳಿದುಕೊಂಡರೆಂಬುದು ನನಗೆ ಗೊತ್ತಾಯಿತು. ಗೊತ್ತಾಗದವನಂತೆ ಸುಮ್ಮನಿದ್ದೆ. ಮುಂಬಯಿಯಲ್ಲಿ ಮನೆ ಹುಡುಕಿದವರು ಯಾರೂ ಇದಕ್ಕಾಗಿ ನನ್ನನ್ನು ಬೈಯಲಾರರು.

ಸಂಕ್ರಾಂತಿಗೆ ಗುಟ್ಟು ಬಯಲಾಗುವ ಹೊತ್ತು ಬಂತು. ಗಾಳಿಪಟದ ಗಾಜುಪುಡಿ ಹಚ್ಚಿದ ಮಾಂಜಾ ದಾರಕ್ಕೆ ರೆಕ್ಕೆ ಸಿಕ್ಕಿಸಿಕೊಂಡ ಹೆಣ್ಣು ಪಾರಿವಾಳವೊಂದನ್ನು ಜಯಂತಿಭಾಯಿ ಧೋತರದಲ್ಲಿ ಸುತ್ತಿ ತಂದು ನನ್ನ ಮಡಿಲಿಗೆ ಹಾಕಿದರು. ಜೀವಂತ ಹಕ್ಕಿಯನ್ನು ಮುಟ್ಟಿ ಆರು ವರ್ಷವಾಗಿತ್ತು. ಯಾವ ಕಡೆಯಿಂದ ಹಿಡಿಯಬೇಕೆಂದೇ ತಿಳಿಯದೆ ಗಂಭೀರವಾಗಿ ನೋಡುತ್ತ ಕೂತೆ. ಹೆಂಡತಿ ಗಿರಿಜಾ ಒಳಗಿನಿಂದ ಬಂದು, ಹಕ್ಕಿಯನ್ನು ಕಸಿದುಕೊಂಡು, ದಾರ ಕತ್ತರಿಸಿ, ಅರಿಶಿನ ಮೆತ್ತಿ, ಹಳೇ ಸೀರೆಯ ಅಂಚಿನಿಂದ ರೆಕ್ಕೆ ಕಟ್ಟಿದಳು. ಅದು ನನ್ನದೇ ಪದ್ಧತಿ ಎಂಬಂತೆ ನಾನು ತಲೆಯಾಡಿಸಿದೆ.

ರೆಕ್ಕೆ ಕೂಡಿತು. ಕಿಟಕಿಯಲ್ಲಿ ಒಂದು ಗಂಡು ಬಂದು ಗುಟುರು ಹಾಕತೊಡಗಿತು. ಫಾಲ್ಗುಣದ ಹೊತ್ತಿಗೆ ಇಬ್ಬರೂ ನಮ್ಮ ಕಪಾಟಿನ ಮೇಲೆ, ನನ್ನ ಪ್ರಬಂಧದ ಕರಡಿನ ಮೇಲೆಯೇ ಸಂಸಾರ ಹೂಡಿದರು. ಹೆಣ್ಣು ಮೊದಲ ತತ್ತಿ ಇಟ್ಟಿತು. ಜಯಂತಿಭಾಯಿ ದಿನಕ್ಕೆರಡು ಸಲ ದರ್ಶನಕ್ಕೆ ಬಂದು, ಯಾರೂ ಮುಟ್ಟಬಾರದೆಂದು ಅಪ್ಪಣೆ ಮಾಡಿದರು. ಒಂದು ದಿನ ಬಿಟ್ಟು ಎರಡನೆಯದನ್ನು ಇಟ್ಟಿತು. ಇನ್ನೂ ಬೆಚ್ಚಗಿತ್ತು. ಊರೆಲ್ಲ ಅಲೆದರೂ ಸಿಗದಿದ್ದ ಮಾಲು ನನ್ನ ತಲೆಯಿಂದ ಎರಡಡಿ ಮೇಲೆ.

ಗಿರಿಜಾ ಸಂತೆಗೆ ಹೋಗಿದ್ದಳು. ಬಿಲ್ಡಿಂಗಿಗೆ ಸುಣ್ಣ ಬಳಿಯುವ ಕೆಲಸ ನಡೆದಿತ್ತು. ಕೆಳಗಿನ ಬಕೀಟಿನಿಂದ ಗಟ್ಟಿ ಸುಣ್ಣ ತಂದು, ಅಂಟು ಕಲಸಿ, ತತ್ತಿಯಂತೆ ಉಂಡೆ ಕಟ್ಟಿ, ಬಿಸಿಲಿಗೊಣಗಿಸಿ, ಎರಡನೆಯ ತತ್ತಿಯೊಂದಿಗೆ ಅದಲುಬದಲು ಮಾಡಿದೆ. ಪಾರಿವಾಳ ಒಂದು ಕಣ್ಣಿನಿಂದ ನನ್ನನ್ನು, ಇನ್ನೊಂದರಿಂದ ಉಂಡೆಯನ್ನು ನೋಡಿ, ಅದರ ಮೇಲೆ ಕೂತಿತು. ಪ್ರಯೋಗಾಲಯದಲ್ಲಿ ಪಟ್ಟೆಗಳು ಎಷ್ಟು ಸ್ವಚ್ಛವಾಗಿ ಮೂಡಿದವೆಂದರೆ ಮಾರ್ಗದರ್ಶಕರು ಮೊದಲ ಬಾರಿಗೆ ನನಗೆ ಚಹಾ ತರಿಸಿದರು.

ಹದಿನೆಂಟನೆಯ ದಿನಕ್ಕೆ ಒಂದು ಮರಿ ಹೊರಬಂತು. ಇನ್ನೊಂದಕ್ಕಾಗಿ ಜಯಂತಿಭಾಯಿ ಕಾದರು, ಗಿರಿಜಾ ಕಾದಳು, ಅವರಿಬ್ಬರಿಗಾಗಿ ನಾನೂ ಕಾದಂತೆ ನಟಿಸಿದೆ. ಒಂದು ಮುಂಜಾನೆ ಜಯಂತಿಭಾಯಿ ಕಾಳು ಹಿಡಿದು ನಿಂತಿದ್ದಾಗಲೇ, ಕೊಬ್ಬಿದ ಮರಿ ಹೊರಳಿ ಆ ತತ್ತಿಯನ್ನು ಕಪಾಟಿನ ಅಂಚಿಗೆ ತಳ್ಳಿತು. ಅದು ಬೀಳುವುದನ್ನು ನೋಡಲಾರದೆ ಅವರು ಕಣ್ಣು ಮುಚ್ಚಿಕೊಂಡರು. ಟಕ್ಕೆಂದಿತು. ಉರುಳುತ್ತ ಬಂದು, ಬಿಳಿ ಗೆರೆ ಎಳೆದು, ಅವರ ಪಾದದ ಬಳಿ ನಿಂತಿತು.

ನಾನು ಗಂಟಲು ಸರಿಪಡಿಸಿಕೊಂಡು, ಗುಣವಾದ ಹಕ್ಕಿಯ ಮೈಯಲ್ಲಿ ಸುಣ್ಣದ ಅಂಶ ಹೆಚ್ಚಾದರೆ ಒಮ್ಮೊಮ್ಮೆ ತತ್ತಿ ಹೀಗೆ ಕಲ್ಲಾಗುವುದುಂಟು ಎಂದೆ. ನಂಬುಗೆಯ ಜೀವ, ಅವರು ತಲೆದೂಗಿದರು. ಗಿರಿಜಾ ಅದನ್ನೆತ್ತಿ ಬೆಳಕಿಗೆ ಹಿಡಿದಳು.

“ಇದರ ಮ್ಯಾಲೆ ನಿಮ್ಮ ಹೆಬ್ಬೆಟ್ಟಿನ ಗುರುತದ,” ಎಂದಳು.

ಆಮೇಲೆ ತನ್ನ ಹರುಕುಮುರುಕು ಹಿಂದಿಯಲ್ಲಿ, ನಾನೆಂಥ ಡಾಕ್ಟರು, ಲೋಕಲ್ಲಿನಲ್ಲಿ ಜೇಬಿನೊಳಗೆ ಏನು ಒಯ್ಯುತ್ತೇನೆ ಎಂಬುದನ್ನೆಲ್ಲ ಬಿಡಿಸಿ ಹೇಳಿದಳು. ಹೇಳುತ್ತ ಅವಳ ಕಣ್ಣು ತುಂಬಿದ್ದು ಮನೆ ಹೋಗುತ್ತದೆಂದಲ್ಲ. ಪಾಪದ ಹಕ್ಕಿ ಅಷ್ಟು ದಿನ ಸುಣ್ಣಕ್ಕೆ ಕಾವು ಕೊಟ್ಟಿತಲ್ಲ ಎಂದು. ಆಗ ಮಾತ್ರ ನನಗೆ ನಿಜವಾಗಿ ನಾಚಿಕೆಯಾಯಿತು.

ಜಯಂತಿಭಾಯಿ ಆ ಸುಣ್ಣದ ಉಂಡೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಮುಂಬಯಿಯ ಹಿಂದಿಯಲ್ಲಿ ಸುಣ್ಣ, ಅಂದರೆ ಚೂನಾ, ಹಚ್ಚುವುದೆಂದರೆ ಟೋಪಿ ಹಾಕುವುದು.

“ಡಾಕ್ಟರ್ ಸಾಬ್,” ಎಂದರು ಕೊನೆಗೆ, “ಆಪ್ ನೇ ಕಬೂತರ್ ಕೋ ಭೀ ಚೂನಾ ಲಗಾಯಾ.”

ನಾನು ಟ್ರಂಕು ಕಟ್ಟಲು ಶುರುಮಾಡಿದೆ. ಮರುದಿನ ಅವರು ಹೊಸ ಬಾಡಿಗೆ ಕರಾರು ಬರೆಸಿ ತಂದರು. ತತ್ತಿ ಕದಿಯುವವರಿಗೆ ಈ ಬಿಲ್ಡಿಂಗಿನಲ್ಲಿ ಜಾಗವಿಲ್ಲ, ರೆಕ್ಕೆ ಕಟ್ಟುವವರನ್ನು ಕಳಿಸಲು ಮನಸ್ಸಿಲ್ಲ ಎಂದು ಅವರ ತೀರ್ಮಾನ. ಮನೆ ಗಿರಿಜಾಳ ಹೆಸರಿಗಾಯಿತು. ಅವಳ ಗಂಡನೆಂಬ ಕಾರಣಕ್ಕೆ, ನಡತೆ ನೋಡಿಕೊಂಡು, ನಾನೂ ಇರಬಹುದೆಂದು ಬಾಯಿಮಾತಿನಲ್ಲಿ ಸೇರಿಸಿದರು.

ಪಾರಿವಾಳದ ಪಟ್ಟೆಗಳು ವಿದೇಶದ ಪತ್ರಿಕೆಯಲ್ಲಿ ಅಚ್ಚಾದವು. ನನಗೆ ಪದವಿ, ಬಡ್ತಿ, ಸಮ್ಮೇಳನಗಳ ವೇದಿಕೆ ಎಲ್ಲ ಸಿಕ್ಕಿತು. ಮಲಾಡಿನಲ್ಲಿ ಮಾತ್ರ ಜನ ಪಂಜರ ಹಿಡಿದು ಬಂದು, ಡಾಕ್ಟರ್ ಗಿರಿಜಾಬಾಯಿ ಇದ್ದಾರೆಯೇ ಎಂದು ಕೇಳುತ್ತಾರೆ. ಮೊನ್ನೆ ಜೋಗೇಶ್ವರಿಯಿಂದ ಗಿಣಿ ತಂದ ವಿಜಾಪುರದ ಮುದುಕನೊಬ್ಬ ನನ್ನ ಕನ್ನಡಕ ನೋಡಿ, ಸಾಹೇಬರಿಗೂ ಹಕ್ಕಿಯ ವಿದ್ಯೆ ಗೊತ್ತೇನೆಂದು ವಿಚಾರಿಸಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಗಿರಿಜಾ ಹೇಳಿದಳು:

“ಅವ್ರಿಗೆ ತತ್ತಿ ಅಷ್ಟ ಗೊತ್ತರಿ, ಅಜ್ಜಾರ. ಹಕ್ಕಿ ಗೊತ್ತಿಲ್ಲ.”

ನನ್ನ ವೃತ್ತಿಜೀವನದ ಬಗ್ಗೆ ಪಂಡಿತರು ಅನೇಕ ವಿಮರ್ಶೆಗಳನ್ನು ಬರೆದಿದ್ದಾರೆ. ತಿದ್ದಲು ಒಂದಕ್ಷರವೂ ಸಿಗದಿರುವುದು ಗಿರಿಜಾಳ ಈ ಒಂದರಲ್ಲೇ.